ಆರ್ಗಾನನ್ನೂ ಮಣಿಸಿದ ಮಹನೀಯರಿಗೆ

ಪ್ರಯೋಗಾಲಯದ ನಿರ್ದೇಶಕರಾದ ಪರಮ ಮಾನ್ಯರೇ,

ಮೊನ್ನೆಯವರೆಗೆ ತಮ್ಮ ಕೈಕೆಳಗೆ ಸಂಶೋಧಕಿಯಾಗಿದ್ದು, ಈಗ ತಮ್ಮ ಕೃಪೆಯಿಂದ ಗಾಜಿನ ಸಾಮಾನುಗಳ ಉಗ್ರಾಣಕ್ಕೆ ಒಡತಿಯಾಗಿರುವ ನಾನು ಅರ್ಪಿಸುವ ಸಾಷ್ಟಾಂಗ ವಂದನೆಗಳು. ಇದನ್ನು ಸೂಚನಾಫಲಕಕ್ಕೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ಲಕೋಟೆಯಲ್ಲಿ ಕೊಟ್ಟದ್ದನ್ನು ತಾವು ಒಡೆಯುವುದೇ ಇಲ್ಲವೆಂದು ತಮ್ಮ ಕಾರ್ಯದರ್ಶಿ ತಿಳಿಸಿದರು.

ಸಾರಜನಕ ಎಂಥ ಮೊಂಡು ಅನಿಲವೆಂದು ಬಲ್ಲವರೇ ಬಲ್ಲರು. ಸಾಮಾನ್ಯರು ಏನು ಬೆರೆಸಿದರೂ ಜಪ್ಪಯ್ಯ ಅನ್ನುವುದಿಲ್ಲ. ನಾವು ಪ್ರಬಲ ಸಾವಯವ ಪ್ರತ್ಯಾಮ್ಲವೊಂದನ್ನು ತಯಾರಿಸಿ, ಅದರ ನೆರವಿನಿಂದ ಹುಟ್ಟಿಸಿದ ಚುರುಕು ಋಣ ಅಯಾನನ್ನು ಸಾರಜನಕದ ಮೇಲೆ ಛೂ ಬಿಟ್ಟೆವು. ಕುಪ್ಪಿಯ ತಳದಲ್ಲಿ ಬಿಳಿಪುಡಿ ಕಂಡಿತು. ಅದೇನೆಂದು ಪರೀಕ್ಷಿಸುವ ಮೊದಲೇ ತಾವು ಪತ್ರಕರ್ತರನ್ನು ಕರೆಸಿ, ಜಡ ಅನಿಲ ಶರಣಾಯಿತೆಂದೂ ಗಾಳಿಯ ಸಾರಜನಕದಿಂದ ಗೊಬ್ಬರ ಮಾಡುವ ಕಾರ್ಖಾನೆಗಳನ್ನು ಇನ್ನು ಗುಜರಿಗೆ ಹಾಕಬಹುದೆಂದೂ ಸಾರಿದಿರಿ.

ನನ್ನ ಅಪರಾಧ ಇಷ್ಟೆ. ಸಾರಜನಕದ ಬದಲು ಆರ್ಗಾನ್ ತುಂಬಿ ಅದೇ ಪ್ರಯೋಗ ಮಾಡಿದೆ. ಆರ್ಗಾನ್ ಸಾರಜನಕಕ್ಕಿಂತಲೂ ಜಡ, ಅದರಿಂದ ಏನೂ ಹುಟ್ಟಬಾರದು. ಆದರೆ ಅದೇ ಪುಡಿ, ಅಷ್ಟೇ ಚೆಂದವಾಗಿ ಹುಟ್ಟಿತು. ನೋಡಿದರೆ ಕುಪ್ಪಿಯ ರಬ್ಬರ್ ಬಿರಡೆ ಬಿರುಕು ಬಿಟ್ಟಿತ್ತು. ಹೊರಗಿನ ಗಾಳಿಯ ಇಂಗಾಲದ ಡೈಆಕ್ಸೈಡು ತೇವದ ಜೊತೆ ಒಳನುಗ್ಗಿ ನಮ್ಮ ಪ್ರತ್ಯಾಮ್ಲದೊಡನೆ ಸೇರಿ ಉಪ್ಪಾಗುತ್ತಿತ್ತು. ಬಿರಡೆ ಬದಲಿಸಿದೆ, ಪುಡಿ ಮಾಯ. ಓಡಿಬಂದು ತಮಗೆ ಹೇಳಿದೆ. ತಾವು ಕನ್ನಡಕ ಒರೆಸುತ್ತ, "ಅಲ್ಲಮ್ಮಾ, ಹಳೇ ಬಿರಡೇಲೇ ಚೆನ್ನಾಗಿ ಬರ್ತಿತ್ತಲ್ಲ, ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?" ಎಂದಿರಿ. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ತಮ್ಮ ಪಾಠ ಕೇಳಿಯೇ ನಾನು ರಸಾಯನಶಾಸ್ತ್ರ ಆರಿಸಿಕೊಂಡವಳು. ಮರುದಿನ ಉಗ್ರಾಣದ ಆದೇಶ ಬಂತು.

ಆದಕಾರಣ, ಸಾರಜನಕಕ್ಕಷ್ಟೇ ತೃಪ್ತರಾಗದೆ ಆರ್ಗಾನನ್ನೂ ಗೆದ್ದ ಕೀರ್ತಿಯನ್ನು ತಾವು ಸಂಕೋಚವಿಲ್ಲದೆ ಸ್ವೀಕರಿಸಬೇಕು. ಬಿಡುವಾದಾಗ ಹೀಲಿಯಮ್ಮಿಗೂ ಕೈ ಹಾಕಬೇಕು. ಸಾಧ್ಯವಾದರೆ ಏನೂ ಇಲ್ಲದ ಖಾಲಿ ಕುಪ್ಪಿಯನ್ನೂ ಮಣಿಸಿ ತೋರಿಸಬೇಕು. ಇವೆಲ್ಲಕ್ಕಿಂತ ಕಷ್ಟದ ಕೋರಿಕೆ ಇನ್ನೊಂದಿದೆ: ಈ ಪುಡಿಯ ಬಗ್ಗೆ ತಾವು ಪ್ರಕಟಿಸಲಿರುವ ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ. ಉಗ್ರಾಣದಲ್ಲಿ ಕೂರಬಲ್ಲೆ, ಸುಳ್ಳಿನ ಕೆಳಗೆ ಸಹಿ ಹಾಕಲಾರೆ.

ತಮ್ಮ ವಿಶ್ವಾಸಿ,
ತಮ್ಮಿಂದಲೇ ಅನುಮಾನಪಡುವುದನ್ನು ಕಲಿತವಳು

ವಿ.ಸೂ.: ನಾಳೆ ಶಾಲಾಮಕ್ಕಳು ಪ್ರಯೋಗಾಲಯ ನೋಡಲು ಬರುತ್ತಾರೆ. ತಮ್ಮ ಪುಡಿಗೆ ಆಮ್ಲ ಹನಿಸಿ, ಏಳುವ ಗುಳ್ಳೆಗಳನ್ನು ಸುಣ್ಣದ ತಿಳಿನೀರಿಗೆ ಹಾಯಿಸಿ, ಅದು ಹಾಲಿನಂತಾಗುವುದನ್ನು ಅವರಿಗೆ ತೋರಿಸುವವಳಿದ್ದೇನೆ. ಆ ಅನಿಲ ಯಾವುದೆಂದು ಮಕ್ಕಳೇ ಕೂಗಿ ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ತಮಗೊಂದು ಕುರ್ಚಿ ಹಾಕಿಸಿದ್ದೇನೆ.