ಟೂ ಪಾಯಿಂಟ್ ಎಯ್ಟ್ ಮತ್ತು ಅರ್ಧ ಇಟ್ಟಿಗೆ

ಮುಚ್ಚಿಹೋದ ಬಲ್ಬ್ ಕಾರ್ಖಾನೆಯ ಮಾಲೀಕ ನನಗೆ ಇನ್ನೂ ಏಳು ತಿಂಗಳ ಸಂಬಳ ಕೊಡಬೇಕು. ಹದಿನಾಲ್ಕು ತಿಂಗಳದ್ದು ಬಾಕಿಯಿತ್ತು. ವರ್ಷಗಟ್ಟಲೆ ಗೇಟಿನ ಮುಂದೆ ಗಂಟಲು ಹರಿದುಕೊಂಡು, ಕೋರ್ಟಿನ ಮೆಟ್ಟಿಲು ಸವೆಸಿ, ಕೊನೆಗೆ ಅರ್ಧ ಕಕ್ಕಿಸಿದೆವು. ಉಳಿದರ್ಧವನ್ನು ಅವನ ಮೊಮ್ಮಗನಿಂದಾದರೂ ವಸೂಲು ಮಾಡುತ್ತೇನೆ, ಅದು ಬೇರೆ ಮಾತು. ಈಗ ಹೇಳಹೊರಟಿರುವುದು ಬಂದ ಅರ್ಧ ಏನಾಯಿತು ಎಂಬುದನ್ನು. (ಕುಡಿಯಲಿಲ್ಲ. ಕುಡಿದಿದ್ದರೆ ತಲೆ ಮಾತ್ರ ನೋಯುತ್ತಿತ್ತು, ಕುತ್ತಿಗೆ ಉಳಿಯುತ್ತಿತ್ತು.)

ಕಾರ್ಖಾನೆ ಮುಚ್ಚಿದ ಮೇಲೆ ನನ್ನ ಹೊಟ್ಟೆ ಹೊರೆದದ್ದು ಕ್ಯಾಮೆರಾ. ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದಾಗ, ಪೊಲೀಸರು ಲಾಠಿ ಎತ್ತಿದ್ದಕ್ಕೆ ಸಾಕ್ಷಿ ಇರಲಿ ಎಂದು ಫೋಟೋ ತೆಗೆಯಲು ಕಲಿತವನು ನಾನು. ಆಮೇಲೆ ಮದುವೆಗಳಿಗೆ ಇಳಿದೆ. ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಎರಡರಲ್ಲೂ ನೂಕುನುಗ್ಗಲು, ಎರಡರಲ್ಲೂ ಕೊನೆಗೆ ಒಬ್ಬನನ್ನು ಹಿಡಿದು ಕೂರಿಸುತ್ತಾರೆ.

ಆದರೆ ಮದುವೆಗಳನ್ನೆಲ್ಲ ಈಗ ಡ್ರೋನು ಹಾರಿಸುವ ಹುಡುಗರು ಕಿತ್ತುಕೊಂಡಿದ್ದಾರೆ. ನನಗೆ ಗಟ್ಟಿಯಾಗಿ ಉಳಿದಿದ್ದ ಗಿರಾಕಿ ಎಂದರೆ ಒಂದು ನೃತ್ಯಶಾಲೆ. ಅದರ ವಾರ್ಷಿಕ ಕಾರ್ಯಕ್ರಮ ಸಿಕ್ಕರೆ ವರ್ಷದ ಅರ್ಧ ಗಂಜಿ ಸಿಕ್ಕ ಹಾಗೆ. ಅಲ್ಲಿನ ನೃತ್ಯದ ಮೇಡಂ ಫ್ಲಾಶ್ ಹಾಕಲು ಬಿಡುವುದಿಲ್ಲ. ವೇದಿಕೆಯ ಮೇಲೆ ಎರಡು ನೀಲಿ ದೀಪ, ಒಂದು ಮಂಕು ಕೆಂಪು ದೀಪ, ಅಷ್ಟೇ. ಕ್ಯಾಮೆರಾದ ಜೊತೆಯಲ್ಲೇ ಬಂದಿದ್ದ ನನ್ನ ಹಳೆಯ ಲೆನ್ಸು ಆ ಕತ್ತಲಲ್ಲಿ ಕುರುಡಾಗಿ, ಕುಣಿಯುವವರೆಲ್ಲ ಹೊಗೆಯ ಸುರುಳಿಗಳಂತೆ ಮೂಡಿದ್ದರು. ಮೇಡಂ ಆಲ್ಬಂ ಮಡಚಿ, “ಸರ್, ಮುಂದಿನ ಸಲವೂ ಇದೇ ಮಸಿ ತಂದರೆ ನಾನು ಬೇರೆಯವರನ್ನ ನೋಡ್ಕೋತೀನಿ” ಎಂದಿದ್ದರು. ಆ ಮುಂದಿನ ಸಲ ಈಗ ಒಂದೇ ವಾರ ದೂರದಲ್ಲಿತ್ತು. ಅಷ್ಟರಲ್ಲಿ ಸಂಬಳದ ಅರ್ಧ ಕೈಸೇರಿತು. ವೃತ್ತಿಪರರು ಬಳಸುವ ಜೂಮ್ ಲೆನ್ಸು ಕೊಳ್ಳುವುದೆಂದು ಸರ್ವಾನುಮತದಿಂದ ನಿರ್ಣಯಿಸಿದೆ. (ಸಭೆಯಲ್ಲಿದ್ದವನು ನಾನೊಬ್ಬನೇ.)

ಅಂಗಡಿಯಲ್ಲಿ ಎರಡಿದ್ದವು. ಎರಡೂ ಇಡೀ ಗುಂಪನ್ನೂ ಹಿಡಿಯುತ್ತವೆ, ತಿರುವಿದರೆ ಒಂದು ಮುಖವನ್ನೂ ಹತ್ತಿರ ತರುತ್ತವೆ. ಒಂದು ‘ಟೂ ಪಾಯಿಂಟ್ ಎಯ್ಟ್’: ಅಗಲ ಕಣ್ಣು, ಕತ್ತಲಲ್ಲೂ ಬೆಳಕು ಹೀರುತ್ತದೆ, ಆದರೆ ಒನಕೆಯ ತುಂಡಿನ ಹಾಗೆ ಭಾರ. ಇನ್ನೊಂದು ‘ಎಫ್ ಫೋರ್’: ಹಗುರ, ಇನ್ನೂ ಸ್ವಲ್ಪ ದೂರ ನೋಡುತ್ತದೆ, ಕೈ ನಡುಗಿದರೂ ಸಂಭಾಳಿಸುತ್ತದೆ, ಆದರೆ ಕತ್ತಲೆಂದರೆ ಅಂಜುಬುರುಕ. ನನ್ನ ಮನಸ್ಸು ಭಾರದ್ದರ ಮೇಲೆ ಬಿತ್ತು. ಹಗುರವಾದದ್ದನ್ನು ಆರಿಸಿ ನನಗೆ ಅಭ್ಯಾಸವಿಲ್ಲ.

ನಮ್ಮ ಮನೆಯಾಕೆ ಸಾರಿಗೆ ಕಚೇರಿಯ ಪಾರ್ಸೆಲ್ ಕೌಂಟರಿನವಳು. ತೂಕ ನೋಡದೆ ಏನನ್ನೂ ಒಳಗೆ ಬಿಡದ ಹೆಂಗಸು. ನನ್ನ ಭಾಷಣವನ್ನು ತರಕಾರಿ ಹೆಚ್ಚುತ್ತಲೇ ಕೇಳಿದಳು.

“ನಾಲ್ಕು ದೊಡ್ಡದೋ, ಎರಡೂ ಮುಕ್ಕಾಲು ದೊಡ್ಡದೋ?”

“ಲೆನ್ಸಿನ ಲೋಕದಲ್ಲಿ ಚಿಕ್ಕ ನಂಬರೇ ದೊಡ್ಡದು ಕಣೇ.”

“ಓಹೋ. ಬೆಲೇಲೂ ಹಾಗೇನಾ?”

“ಬೆಲೇಲಿ ದೊಡ್ಡದೇ ದೊಡ್ಡದು.”

“ಅಂದ್ರೆ ಅವರಿಗೆ ಯಾವ ಕಡೆಯಿಂದ ನೋಡಿದ್ರೂ ಲಾಭ. ಹೋಗ್ಲಿ, ತೂಕ ಎಷ್ಟು?”

ತಪ್ಪಿಸಿಕೊಳ್ಳಲು ನೋಡಿದೆ. “ಅದು ಲೆಕ್ಕಕ್ಕಿಲ್ಲ” ಎಂದೆ. “ಕಲಾವಿದ ತೂಕ ನೋಡಲ್ಲ” ಎಂದೆ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುವ ಮಗಳು (ಅವಳೂ ಫೋಟೋಗ್ರಾಫರೇ, ಜನರನ್ನು ಒಳಗಿನಿಂದ ತೆಗೆಯುತ್ತಾಳೆ) ಮೊಬೈಲಿನಲ್ಲಿ ಹುಡುಕಿ ಹೇಳಿಬಿಟ್ಟಳು: “ಕ್ಯಾಮೆರಾ, ಲೆನ್ಸು, ಬ್ಯಾಟರಿ ಎಲ್ಲಾ ಸೇರಿ ಎರಡು ಕಿಲೋ ಹತ್ತಿರ ಹತ್ತಿರ, ಅಪ್ಪ.”

“ಎರಡು ಕಿಲೋ! ನಾಲ್ಕು ಗಂಟೆ ಕಾರ್ಯಕ್ರಮ! ಈ ಕುತ್ತಿಗೇಲಿ?” ಮನೆಯಾಕೆ ಚಾಕುವಿನ ತುದಿಯನ್ನು ನನ್ನ ಕುತ್ತಿಗೆಯ ಕಡೆ ತೋರಿಸಿದಳು. “ದಿಂಬು ಬದಲಾಯಿಸಿದ್ರೆ ಮೂರು ದಿನ ಸೆಟ್ಕೊಂಡಿರುತ್ತೆ ಅದು.”

“ಏ! ಈ ಹೆಗಲ ಮೇಲೆ ಬಾವುಟದ ಬೊಂಬು ಹೊತ್ತು ಊರು ಸುತ್ತಿದ್ದೀನಿ. ಪೊಲೀಸ್ ವ್ಯಾನಿಗೆ ನಾಲ್ಕು ಜನ ಹೊತ್ತು ಹಾಕ್ಬೇಕಾಯ್ತು ನನ್ನ!”

“ನಿಮ್ಮನ್ನ ಅವರು ಹೊತ್ರು ರೀ. ನೀವು ಯಾರನ್ನೂ ಹೊರಲಿಲ್ಲ.”

ಮಗಳು ಕಿಸಕ್ಕನೆ ನಕ್ಕಳು. ಮನೆಯಾಕೆ ಎದ್ದು ಹೊರಗೆ ಹೋದಳು. ನಮ್ಮ ಬೀದಿಯ ಕಾಲುದಾರಿಯನ್ನು ನಗರಸಭೆಯವರು ಹೊಸದಾಗಿ ಮಾಡುತ್ತೇವೆಂದು ಅಗೆದುಹಾಕಿ ಹೋಗಿ ಎಷ್ಟೋ ಕಾಲವಾಗಿತ್ತು. ಗುಂಡಿಯ ಪಕ್ಕ ಮರಳಿನ ರಾಶಿ, ಇಟ್ಟಿಗೆಯ ರಾಶಿ, ಇಟ್ಟಿಗೆಯ ಮೇಲೆ ನಾಯಿಗಳ ಸಂಸಾರ. ಅಲ್ಲಿಂದ ಅರ್ಧ ಇಟ್ಟಿಗೆ ಎತ್ತಿ ತಂದಳು, ಅಡುಗೆಮನೆಯ ತಕ್ಕಡಿಯಲ್ಲಿಟ್ಟಳು, ಹೆಚ್ಚಾಗಿದ್ದ ಮೂಲೆಯನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸಿದಳು. ನನ್ನ ಕ್ಯಾಮೆರಾದ ಪಟ್ಟಿ ಬಿಚ್ಚಿ ಇಟ್ಟಿಗೆಗೆ ಬಿಗಿದು ನನ್ನ ಕೊರಳಿಗೆ ಹಾಕಿದಳು. ಮದುವೆಯ ದಿನ ಹಾರ ಹಾಕುವಾಗಲೂ ಅವಳ ಮುಖದಲ್ಲಿ ಇಷ್ಟು ಶ್ರದ್ಧೆ ಇರಲಿಲ್ಲ.

“ಇವತ್ತು ಶನಿವಾರ. ನಾಳೆ ಸಂಜೆವರೆಗೂ ಹಾಕ್ಕೊಂಡಿರಿ. ಸ್ನಾನಕ್ಕೆ, ನಿದ್ದೆಗೆ ಮಾತ್ರ ರಜ. ಒಂದು ಸಲಾನೂ ‘ಉಶ್’ ಅನ್ನದೆ ಮುಗಿಸಿದ್ರೆ ನಿಮ್ಮ ಟೂ ಪಾಯಿಂಟ್ ಏನೋ ಒಂದು ತಗೊಳ್ಳಿ. ಇಲ್ದಿದ್ರೆ ಹಗುರದ್ದು.”

ಒಪ್ಪಿದೆ. ಉಪವಾಸ ಕೂತು ಗೆದ್ದವನಿಗೆ ಅರ್ಧ ಇಟ್ಟಿಗೆ ಯಾವ ಲೆಕ್ಕ?

ಅವಳು ಕೆಲಸಕ್ಕೆ ಹೋದಳು, ಮಗಳೂ ಹೋದಳು. ನಾನು ಹಾಲು ತರಲು ಹೊರಬಿದ್ದೆ. ಗೇಟಿನಲ್ಲೇ ಪಕ್ಕದ ಮನೆಯ ಗುಂಡಿ ಮೇಷ್ಟ್ರು ಸಿಕ್ಕರು. ಇವರು ನಿವೃತ್ತ ಗಣಿತದ ಮೇಷ್ಟ್ರು. ಕಾಲುದಾರಿಯ ಗುಂಡಿಗೆ ಮೊದಲು ಬಿದ್ದವರು ಇವರೇ ಆದ್ದರಿಂದ ಬೀದಿಯವರು ಕೊಟ್ಟ ಬಿರುದು ಅದು.

“ಏನು ಕಾರ್ಯದರ್ಶಿಗಳೇ, ಕೊರಳಲ್ಲಿ ಇಟ್ಟಿಗೆ?”

ಈಗ ನೀವೇ ಯೋಚಿಸಿ. ಮಾಲೀಕನ ಕಾರಿಗೆ ಅಡ್ಡ ಮಲಗಿದವನು, ‘ಹೆಂಡತಿ ಕಟ್ಟಿ ಕಳಿಸಿದಳು’ ಎಂದು ಹೇಗೆ ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ.

“ಪ್ರತಿಭಟನೆ ಮೇಷ್ಟ್ರೇ. ಈ ಕಾಲುದಾರಿ ನೋಡಿ ನೋಡಿ ಸಾಕಾಯ್ತು.”

ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಆದರೆ ‘ಬೇಡಿಕೆ ಈಡೇರುವವರೆಗೆ’ ಎಂಬ ಬಾಲವಿಲ್ಲದೆ ನನ್ನ ಬಾಯಿಂದ ವಾಕ್ಯ ಹೊರಡುವುದಿಲ್ಲ. ಅದು ನನ್ನ ಹುಟ್ಟುಗುಣವಲ್ಲ, ಕಸುಬಿನ ರೋಗ. “ಕಾಲುದಾರಿ ಪೂರ್ತಿ ಆಗೋವರೆಗೂ ಈ ಇಟ್ಟಿಗೆ ಕೆಳಗಿಳಿಸಲ್ಲ!” ಎಂದುಬಿಟ್ಟೆ. ಮುಷ್ಟಿಯೂ ತಾನಾಗಿ ಮೇಲೆದ್ದಿತು.

ಮೇಷ್ಟ್ರ ಕಣ್ಣು ಒದ್ದೆಯಾಯಿತು. “ನಾನು ಬಿದ್ದಾಗ ಎಲ್ಲರೂ ನಕ್ಕರು. ನೀವೊಬ್ಬರು ಕೊರಳು ಕೊಟ್ಟಿರಿ” ಎಂದವರೇ ಒಳಗೆ ಹೋಗಿ, ಹೆಂಡತಿಯ ಕೈಚೀಲದಲ್ಲಿ ಒಂದು ಇಟ್ಟಿಗೆ ಹಾಕಿ ಕೊರಳಿಗೆ ನೇತುಹಾಕಿಕೊಂಡು ಬಂದರು.

ನಾನು ಹಾಲು ತಂದು ಕಾಯಿಸುವಷ್ಟರಲ್ಲಿ ಬೀದಿಗೆ ಬೀದಿಯೇ ಬಂದಿತ್ತು. ಹೊಲಿಗೆಯಂಗಡಿಯ ಹೆಂಗಸು, ಕೋಳಿಯಂಗಡಿಯವನು, ಮೇಲಿನ ಮನೆಯ ಬಾಣಂತಿ (ಅವಳಿಗೆ ಕಾಲು ಇಟ್ಟಿಗೆಯ ರಿಯಾಯಿತಿ ಕೊಟ್ಟೆವು), ಎಲ್ಲರ ಕೊರಳಲ್ಲೂ ಇಟ್ಟಿಗೆ. ಮರಳಿನ ರಾಶಿಯೇ ವೇದಿಕೆಯಾಯಿತು. “ಕಾರ್ಯದರ್ಶಿಗಳು ಎರಡು ಮಾತಾಡ್ಬೇಕು” ಎಂದರು. ಎರಡು ಮಾತು ಮುಗಿಯಲು ಮಧ್ಯಾಹ್ನವಾಯಿತು. ಸುಳ್ಳೇಕೆ, ಸುಖವಾಗಿತ್ತು. ಇಷ್ಟು ವರ್ಷಗಳಿಂದ ‘ಸ್ಮೈಲ್ ಪ್ಲೀಸ್’ ಎಂದು ಸವೆದಿದ್ದ ಗಂಟಲಿಗೆ ಹಳೆಯ ಕಸುವು ಬಂದಿತ್ತು. ಕುತ್ತಿಗೆಯ ಹಿಂದೆ ಒಂದು ನರ ಮಾತ್ರ ಬೇರೆಯೇ ಘೋಷಣೆ ಕೂಗುತ್ತಿತ್ತು.

ಅರ್ಧ ದಿನದ ಕೆಲಸ ಮುಗಿಸಿ ಬಂದ ಮನೆಯಾಕೆ ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಳು.

“ಏನ್ರೀ ಇದು? ಎಲ್ಲರೂ ಲೆನ್ಸ್ ಕೊಳ್ತಾರಾ?”

“ಶ್! ಮೆಲ್ಲಗೆ. ಇದು ಜನಾಂದೋಲನ.”

“ಬೆಳಗ್ಗೆ ನಾನು ಕಟ್ಟಿದ್ದು ಅದು!”

“ಇತಿಹಾಸದಲ್ಲಿ ಮೊದಲ ಕಲ್ಲು ಯಾರಿಟ್ರು ಅಂತ ಯಾರು ಕೇಳ್ತಾರೆ, ಸುಮ್ನಿರೇ.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆ ನೋಟ ನನಗೆ ಗೊತ್ತು. ಪಾರ್ಸೆಲ್ ಒಳಗೆ ಇರುವುದು ಒಂದು, ಮೇಲೆ ಬರೆದಿರುವುದು ಒಂದು ಎಂದು ಗೊತ್ತಾದಾಗ ನೋಡುವ ನೋಟ. ಬಯ್ಯಲಿಲ್ಲ. ಒಳಗೆ ಹೋಗಿ ಕ್ಯಾಮೆರಾ ತಂದಳು. ಚಳವಳಿಗೆ ಫೋಟೋ ಬೇಡವೇ, ನಾಯಕನೇ ಹೇಗೆ ತೆಗೆದುಕೊಂಡಾನು? ನನ್ನ ಜೊತೆ ಮದುವೆಗಳಿಗೆ ಬಂದು ಬ್ಯಾಗು ಕಾಯುತ್ತಾ, ನಾನು ಗೊಣಗುವುದನ್ನೆಲ್ಲ ಕೇಳಿಸಿಕೊಂಡು ಕಲಿತಿದ್ದಳು. ಹಳೆಯ ಲೆನ್ಸಿನಲ್ಲೇ ಪಟಪಟ ತೆಗೆದಳು. ಪತ್ರಿಕೆಗೆ ಕಳಿಸಿದ ಒಂದು ಫೋಟೋ ಭಾನುವಾರ ಅಚ್ಚಾಗಿ ಬಂತು. ಬಾಯಿ ತೆರೆದ ನಾನು, ಇಟ್ಟಿಗೆ, ಹಿಂದೆ ಇಡೀ ಬೀದಿ. ಒಂದೊಂದು ಮುಖವೂ ಕೆತ್ತಿದ ಹಾಗಿತ್ತು. ನನಗೆ ಸ್ವಲ್ಪ ಹೊಟ್ಟೆಯುರಿಯಿತು.

ಭಾನುವಾರ ಸಂಜೆಗೆ ಶರತ್ತು ಮುಗಿಯಿತು. ‘ಉಶ್’ ಎಂದಿರಲಿಲ್ಲ. (‘ಜಯವಾಗಲಿ’ ಎಂದು ಕೂಗುವಾಗ ನೋವೆಲ್ಲ ಅದರೊಳಗೆ ಸೇರಿಸಿಬಿಡುತ್ತಿದ್ದೆ.) ಮನೆಯಾಕೆ ನ್ಯಾಯವಂತೆ. “ಗೆದ್ರಿ. ನಿಮ್ಮದೇ ಲೆನ್ಸು. ಈಗ ತೆಗೆದಿಡಿ” ಎಂದಳು.

ಪಟ್ಟಿಗೆ ಕೈ ಹಾಕಿದೆ. ಕಿಟಕಿಯ ಆಚೆ ಗುಂಡಿ ಮೇಷ್ಟ್ರು ನಿಂತಿದ್ದರು. “ಏನು ಕಾರ್ಯದರ್ಶಿಗಳೇ, ಬೆನ್ನು ತುರಿಸ್ಬೇಕಾ? ನಾನು ಬರ್ಲಾ?” ಎಂದರು. ಕೈ ಕೆಳಗಿಳಿಯಿತು. ಬಿಸಿತುಪ್ಪ ಬಾಯಲ್ಲಿದ್ದರೆ ಉಗುಳಲೂ ಆಗದು, ನುಂಗಲೂ ಆಗದು ಎನ್ನುತ್ತಾರೆ. ನನ್ನದು ಕೊರಳಲ್ಲಿತ್ತು.

ಸೋಮವಾರ ನಗರಸಭೆಯ ಎಂಜಿನಿಯರ್ ಪತ್ರಿಕೆ ಹಿಡಿದುಕೊಂಡು ಬಂದ. ಕಾಲುದಾರಿಯ ಮಾತೇ ಎತ್ತದೆ, “ಆ ಇಟ್ಟಿಗೆ ನಗರಸಭೆಯ ಆಸ್ತಿ. ವಾಪಸು ಕೊಡಿ, ಇಲ್ಲದಿದ್ರೆ ಕಳವಿನ ಕೇಸು” ಎಂದ. ನನ್ನ ಬಾಳಿನಲ್ಲಿ ಮೊದಲ ಸಲ ಒಬ್ಬ ಅಧಿಕಾರಿಯನ್ನು ತಬ್ಬಿಕೊಳ್ಳಬೇಕೆನಿಸಿತು. “ಕಾನೂನಿಗೆ ತಲೆ ಬಾಗೋದು ನಮ್ಮ ಕರ್ತವ್ಯ...” ಎನ್ನುತ್ತಾ ಆಸೆಯಿಂದ ತಲೆ ಬಾಗಿಸಿದೆನೋ ಇಲ್ಲವೋ, ಕೋಳಿಯಂಗಡಿಯವನು ಎಂಜಿನಿಯರನ ಕೈ ಹಿಡಿದ.

“ನಮ್ಮ ನಾಯಕರ ಇಟ್ಟಿಗೆ ಮುಟ್ಟಿದ್ರೆ ಜೋಕೆ!”

“ಮುಟ್ಲಿ ಬಿಡಪ್ಪ, ಪಾಪ...” ಎಂದೆ. ಘೋಷಣೆಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಎಂಜಿನಿಯರ್ ಗುಂಡಿ ಹಾರಿ ಓಡಿದ. ನನ್ನ ತಲೆ ಬಾಗಿದ್ದದ್ದು ಬಾಗಿದ ಹಾಗೇ ಉಳಿಯಿತು. ಎತ್ತಲು ಹೋದರೆ ಕಣ್ಣಲ್ಲಿ ನಕ್ಷತ್ರ.

ಮಗಳೇ ಆಸ್ಪತ್ರೆಯಲ್ಲಿ ಚಿತ್ರ ತೆಗೆದಳು. “ಅಲ್ಲಾಡಬೇಡಿ ಅಪ್ಪ” ಎಂದಳು. ಅಲ್ಲಾಡುವ ಶಕ್ತಿ ಯಾರಿಗಿತ್ತು? ಡಾಕ್ಟರು ಕುತ್ತಿಗೆಗೆ ಪಟ್ಟಿ ತೊಡಿಸಿ, “ಮೂರು ತಿಂಗಳು ಕೊರಳಿಗೆ ಯಾವ ಭಾರಾನೂ ಹಾಕಬಾರದು. ಕ್ಯಾಮೆರಾ ಅಂತೂ ಕನಸಲ್ಲೂ ಬೇಡ” ಎಂದರು. ಇಟ್ಟಿಗೆಯಿಂದ ಬಿಡುಗಡೆಯಾಯಿತೆಂದು ಒಳಗೊಳಗೇ ಕುಣಿದೆ. ಆದರೆ ಮೇಷ್ಟ್ರು ಗಣಿತದವರು ನೋಡಿ, ಬಿಡಲಿಲ್ಲ. “ಡಾಕ್ಟರು ಭಾರ ಹಾಕಬಾರದು ಅಂದ್ರು. ದಾರ ಹಾಕಬಾರದು ಅಂದ್ರಾ?” ಅಲ್ಲಿಗೆ ಇತ್ಯರ್ಥವಾಯಿತು. ನಾನು ಗುಂಡಿಯ ಪಕ್ಕ ಕುರ್ಚಿಯಲ್ಲಿ ಕೂರಬೇಕು, ದಾರ ಕೊರಳಲ್ಲಿ, ಇಟ್ಟಿಗೆ ತೊಡೆಯ ಮೇಲೆ.

ನೃತ್ಯಶಾಲೆಯ ಕಾರ್ಯಕ್ರಮ ಶನಿವಾರ. ಶುಕ್ರವಾರ ಸಂಜೆ ಮನೆಯಾಕೆ ಅಂಗಡಿಯಿಂದ ಡಬ್ಬ ಹಿಡಿದು ಬಂದಳು. ತಲೆ ಬಾಗಿಸಿ ಓದಲಾಗದೆ, ಡಬ್ಬವನ್ನೇ ಮೇಲೆತ್ತಿ ಹಿಡಿಯಲು ಹೇಳಿದೆ. ಟೂ ಪಾಯಿಂಟ್ ಎಯ್ಟ್!

“ಎರಡೂ ಹಾಕಿ ಅಂಗಡಿಯವರ ಗೋಡೌನಿನ ಕತ್ತಲಲ್ಲಿ ತೆಗೆದು ನೋಡ್ದೆ ರೀ. ನೀವು ಹೇಳಿದ್ದೇ ಸರಿ. ಇದೇ ಬೇಕು.”

ಮೂವತ್ತು ವರ್ಷದ ಸಂಸಾರದಲ್ಲಿ ‘ನೀವು ಹೇಳಿದ್ದೇ ಸರಿ’ ಎಂಬ ಮಾತು ಮೊದಲ ಸಲ ಬಂದಿತ್ತು. ಎದೆಯುಬ್ಬಿಸಲು ಹೋದೆ. ಕುತ್ತಿಗೆ ಬಿಡಲಿಲ್ಲ.

“ಸರಿ, ಆದ್ರೆ ಇದನ್ನ ಹೊರೋರು ಯಾರು?”

“ಇನ್ಯಾರು?” ಕ್ಯಾಮೆರಾಕ್ಕೆ ಲೆನ್ಸು ತಿರುವಿ, ಕೊರಳಿಗೆ ಹಾಕಿಕೊಂಡು ಒಂದು ಸುತ್ತು ತಿರುಗಿದಳು. “ದಿನಾ ನಾನು ಎತ್ತಿಡೋ ಪಾರ್ಸೆಲ್ ಮುಂದೆ ಇದೇನು ಭಾರಾನಾ? ಹತ್ತಿ!”

ಹೋದಳು, ತೆಗೆದಳು, ಬಂದಳು. ಕುಣಿಯುವವರ ಕಣ್ರೆಪ್ಪೆ ಎಣಿಸಬಹುದಿತ್ತು, ಹಾರಿದ ಬೆವರಿನ ಹನಿ ಗಾಳಿಯಲ್ಲಿ ನಿಂತಿತ್ತು. ನೃತ್ಯದ ಮೇಡಂ ನನಗೆ ಫೋನು ಮಾಡಿ, “ಸರ್, ಇಷ್ಟು ವರ್ಷ ಇವರನ್ನ ಎಲ್ಲಿ ಬಚ್ಚಿಟ್ಟಿದ್ರಿ? ಮುಂದಿನ ವರ್ಷವೂ ಇವರನ್ನೇ ಕಳಿಸಿ. ನೀವು ವಿಶ್ರಾಂತಿ ತಗೊಳ್ಳಿ” ಎಂದರು. ಮನೆಯಾಕೆಗೆ ಈಗ ಎರಡು ಮದುವೆಗಳ ಕೆಲಸವೂ ಸಿಕ್ಕಿದೆ. ಡ್ರೋನು ಹುಡುಗರೇ ಕರೆಯುತ್ತಿದ್ದಾರೆ. ಅವಳ ಬ್ಯಾಗು ಕಾಯುವ ಕೆಲಸವಾದರೂ ನನಗೆ ಸಿಗಬೇಕಿತ್ತು. ಆದರೆ ಕುರ್ಚಿ ಬಿಟ್ಟು ಏಳುವಂತಿಲ್ಲವಲ್ಲ!

ಕಾಲುದಾರಿ ಹಾಗೇ ಇದೆ. ಗುಂಡಿಯಲ್ಲಿ ಹುಲ್ಲು ಬೆಳೆದಿದೆ. ಬೀದಿಯವರು ಒಬ್ಬೊಬ್ಬರೇ ಇಟ್ಟಿಗೆ ಇಳಿಸಿ ಕೆಲಸಕ್ಕೆ ಹೋಗುತ್ತಾರೆ, ಹೋಗುವಾಗ ನನಗೆ ಕೈಮುಗಿಯುತ್ತಾರೆ.

ನೀವು ಇಷ್ಟು ಹೊತ್ತು ಆರಾಮಾಗಿ ಕೂತು ನಕ್ಕಿರಿ. ಸಂತೋಷ. ಆದರೆ ಈ ಗುಂಡಿಯನ್ನು ಹಾರಿಕೊಂಡು ಹೋಗುವವರಲ್ಲಿ ನೀವೂ ಒಬ್ಬರಲ್ಲವೇ? ಸರದಿ ಉಪವಾಸ ಇರುವ ಹಾಗೆ ಸರದಿ ಇಟ್ಟಿಗೆಯೂ ಇರಲಿ ಎಂದು ನಿನ್ನೆ ನಿರ್ಣಯ ಮಾಡಿಸಿದ್ದೇನೆ. ನಾಳೆ ಬೆಳಗಿನ ಪಾಳಿ ನಿಮ್ಮದು. ಇಟ್ಟಿಗೆ ಇದೆ, ದಾರ ಇದೆ, ಕುರ್ಚಿಯೂ ಇದೆ. ನೆಪ ಮನೆಯಲ್ಲಿಟ್ಟು, ಕುತ್ತಿಗೆ ಮಾತ್ರ ತನ್ನಿ.