ಡಿಕ್ರಿ ಕೈಗೆ ಬಂದ ಮೇಲೆ

ಬಾಡಿಗೆ ಬಾಕಿಗೆ ಕೇಸು ಹಾಕಿ ಗೆದ್ದವರು ಅರಸೀಕೆರೆಯಲ್ಲಿ ನಾನೊಬ್ಬನೇ ಅಲ್ಲ. ಗೆದ್ದ ಮೇಲೂ ಅವರೆಲ್ಲ ನನ್ನ ಹಾಗೆಯೇ ಬಸ್ಸು ಹತ್ತಿ ಇಳಿಯುತ್ತಿದ್ದಾರೆ ಎಂಬುದಷ್ಟೇ ನನಗಿರುವ ಸಮಾಧಾನ.

ನನ್ನ ಮಳಿಗೆಯಲ್ಲಿ ಒಬ್ಬ ಬಾಡಿಗೆಗಿದ್ದ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಊರಿಗೆಲ್ಲ ಬಾಡಿಗೆಗೆ ಕೊಡುವುದು ಅವನ ಕಸುಬು. ನನಗೆ ಹದಿನಾಲ್ಕು ತಿಂಗಳ ಬಾಡಿಗೆ ಉಳಿಸಿ, ಸಾಮಾನು ಕಟ್ಟಿಕೊಂಡು ಹಳೇಬೀಡಿಗೆ ಹೋದ. ನಾನು ಪಿಂಚಣಿಯಿಲ್ಲದ ಖಾಸಗಿ ಶಾಲೆಯ ನಿವೃತ್ತ ಮೇಷ್ಟ್ರು. ಆ ಮಳಿಗೆಯಿಂದಲೇ ನಮ್ಮ ಮನೆಯ ಒಲೆ ಉರಿಯಬೇಕು.

ಗೆಲುವು

ತೀರ್ಪು ನನ್ನ ಕಡೆ ಆಯಿತು. ಕೋರ್ಟಿನ ಹೊರಗೆ ಮೊದಲು ಬಂದು ಕೈ ಮುಗಿದವನು ಅವನೇ.

"ಒಳ್ಳೇದಾಯ್ತು ಮೇಷ್ಟ್ರೇ. ನಂಗೂ ಪ್ರತಿ ವಾಯ್ದೆಗೆ ಹಳೇಬೀಡಿಂದ ಬಂದು ಹೋಗಿ ಸಾಕಾಗಿತ್ತು."

ಅವನು, ನಾನು, ನನ್ನ ಲಾಯರು ಮೂವರೂ ಕಾಫಿ ಕುಡಿದೆವು. ಗೆದ್ದವನು ನಾನಾದ್ದರಿಂದ ಬಿಲ್ಲೂ ನನ್ನದೇ.

"ಇನ್ನು ಅಮಲ್ಜಾರಿ ಅರ್ಜಿ ಹಾಕಬೇಕು" ಎಂದರು ಲಾಯರು.

"ಇಷ್ಟು ವರ್ಷ ಹಾಕಿದ್ದು ಏನು?"

"ಅದು ದುಡ್ಡು ನಿಮ್ಮದು ಅಂತ ಹೇಳಿಸೋದಕ್ಕೆ. ಇದು ಅದನ್ನ ಇಸ್ಕೊಳೋದಕ್ಕೆ."

ಜಪ್ತಿ

ಮತ್ತೊಂದು ವರ್ಷ ಕಳೆದು ಜಪ್ತಿಗೆ ಆದೇಶವಾಯಿತು. ಕೋರ್ಟಿನ ಅಮೀನರ ಜೊತೆ ಹಳೇಬೀಡಿಗೆ ಹೋದೆ. ಅವನು ಅಂಗಡಿಯ ಕುರ್ಚಿಗಳನ್ನೇ ಒರೆಸಿ ನಮ್ಮನ್ನು ಕೂರಿಸಿದ. ಅಮೀನರು ಕೂತಲ್ಲಿಂದಲೇ ಪಟ್ಟಿ ಬರೆದರು: ಪ್ಲಾಸ್ಟಿಕ್ ಕುರ್ಚಿ ಎಂಬತ್ತು, ಕೊಪ್ಪರಿಗೆ ಎರಡು. ಆಮೇಲೆ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಹರಾಜಾಗೋ ತನಕ ಇವನ್ನ ಎಲ್ಲಿಡೋದು? ಜಾಗ ನೀವೇ ತೋರಿಸಬೇಕು."

ನಾನು ಯೋಚಿಸುತ್ತಿರುವಾಗ ಅವನೇ ನೆರವಿಗೆ ಬಂದ. "ಅರಸೀಕೆರೇಲಿ ಮೇಷ್ಟ್ರ ಮಳಿಗೆ ಖಾಲಿ ಐತಲ್ಲ ಸಾರ್. ನಮ್ಮ ಸಾಮಾನಿಗೆ ಹೇಳಿ ಮಾಡಿಸಿದ ಜಾಗ."

ಸಂಜೆಗೆ ಎಲ್ಲವೂ ಹಳೆಯ ಜಾಗಕ್ಕೇ ಬಂದು ಸೇರಿತು. ಮೊದಲು ಅವನ ಸಾಮಾನು ಅಲ್ಲಿ ಬಾಡಿಗೆ ಕೊಡದೆ ಇತ್ತು. ಈಗ ಬಾಡಿಗೆ ಕೇಳುವ ಹಾಗಿಲ್ಲದೆ ಇತ್ತು.

ಹರಾಜು

ಹರಾಜಿನ ದಿನ ಮೂವರು ಬಂದರು. ಕುರ್ಚಿಯಲ್ಲಿ ಕೂತು ನೋಡಿದರು, ಕೊಪ್ಪರಿಗೆ ತಟ್ಟಿ ನೋಡಿದರು. ಯಾರೂ ಸವಾಲು ಕೂಗಲಿಲ್ಲ. ಹೋಗುವಾಗ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

"ಭಾನುವಾರ ನಾಮಕರಣ ಐತೆ ಮೇಷ್ಟ್ರೇ. ಒಂದು ದಿನದ ಮಟ್ಟಿಗೆ ಏನು ರೇಟು?"

ಗೆಂಡೆಹಳ್ಳಿ

ಒಂದು ತಿಂಗಳು ಕಳೆದು ಅವನೇ ನಮ್ಮ ಮನೆಗೆ ಬಂದ.

"ಕುರ್ಚಿ ಎಲ್ಲ ನಿಮ್ ತಾವ ಐತೆ, ನಂಗೆ ವ್ಯಾಪಾರ ಇಲ್ಲ. ಗೆಂಡೆಹಳ್ಳೀಲಿ ಒಂದು ಬೀಗರ ಊಟದ ಬಾಡಿಗೆ, ಮೂರು ಸಾವಿರ, ಹಂಗೇ ನಿಂತೋಗೈತೆ. ನಿಮ್ಮಂಥವರು ಬಂದು ನಿಂತ್ರೆ ಕೊಡ್ತಾರೆ. ಬಂದಿದ್ದು ನಿಮಗೇ."

ಬರುವುದು ಯಾವ ದಾರಿಯಿಂದಾದರೂ ಬರಲಿ ಎಂದು ಹೊರಟೆ. ಬಸ್ಸಿಳಿದು ಅವನ ಹಿಂದೆ ನಡೆದೆ. ಅವನು ನಿಂತ ಗೇಟು ನನಗೆ ಚೆನ್ನಾಗಿ ಗೊತ್ತಿದ್ದ ಗೇಟು. ನನ್ನ ಮಗಳನ್ನು ಕೊಟ್ಟ ಮನೆ. ಹೋದ ವರ್ಷದ ಆ ಬೀಗರ ಊಟದಲ್ಲಿ ಮೊದಲ ಪಂಕ್ತಿಗೆ ಕೂತಿದ್ದವನೇ ನಾನು.

"ಬನ್ನಿ ಬನ್ನಿ ಬೀಗ್ರೇ" ಎಂದು ಬೀಗರು ಎದ್ದು ಬಂದರು. "ಫೋನಾದ್ರೂ ಮಾಡಬಾರದಾ?" ಮಗಳು ನೀರು ತಂದಳು. ಹಿತ್ತಲಲ್ಲಿ ಕೋಳಿ ಹಿಡಿಯುವ ಸದ್ದಾಯಿತು.

ಹೆಣ್ಣು ಕೊಟ್ಟವನು ಬೀಗರ ಜಗಲಿಯಲ್ಲಿ ಕೂತು ಕುರ್ಚಿ ಬಾಡಿಗೆ ಕೇಳುವ ಪದ್ಧತಿ ನಮ್ಮ ಕಡೆ ಇನ್ನೂ ಬಂದಿಲ್ಲ. ಮಳೆ, ಕೊಬ್ಬರಿ ರೇಟು ಮಾತಾಡಿ, ಮುದ್ದೆ ಉಂಡು ಎದ್ದೆ. ಅವನೂ ಉಂಡ, ಎರಡು ಸಲ ಸಾರು ಬಡಿಸಿಕೊಂಡ.

ಬಸ್‌ಸ್ಟಾಪಿನಲ್ಲಿ ಮೆಲ್ಲಗೆ ಹೇಳಿದ: "ನೀವು ಬಾಯೇ ಬಿಡ್ಲಿಲ್ಲ. ಇನ್ನು ಕೇಸು ಹಾಕಿ ಅಮೀನರನ್ನ ಕರ್ಕೊಂಡು ಬತ್ತೀನಿ. ಅದೇನು ಕಷ್ಟ ಅಲ್ಲ, ಇಷ್ಟು ದಿನ ನಿಮ್ಮನ್ನ ನೋಡಿ ಕಲ್ತಿದೀನಿ."

ಮಗಳ ಮುಖ ನೆನಪಾಯಿತು. ಆ ತಿಂಗಳ ದಿನಸಿಗೆಂದು ಜೇಬಿನಲ್ಲಿಟ್ಟುಕೊಂಡಿದ್ದ ಮೂರು ಸಾವಿರ ತೆಗೆದು ಅವನ ಕೈಗಿಟ್ಟೆ. "ಬೀಗರ ಬಾಕಿ ತೀರಿತು. ಆ ಮನೆ ಕಡೆ ಮತ್ತೆ ಬರಬೇಡ."

ಎರಡು ಸಲ ಎಣಿಸಿದ. ಕಣ್ಣಿಗೊತ್ತಿಕೊಂಡ. ಆಮೇಲೆ ಅದನ್ನೇ ನನಗೆ ಕೊಟ್ಟ.

"ತಗೊಳ್ಳಿ, ಡಿಕ್ರಿ ದುಡ್ಡು, ಮೊದಲನೇ ಕಂತು. ರಸೀದಿ ಕೊಡಿ."

ಬರೆದುಕೊಟ್ಟೆ. ರಸೀದಿ ಮಡಿಸಿ ಜೇಬಿಗಿಡುತ್ತಾ ಕೇಳಿದ:

"ಬಾಣಾವರದಲ್ಲೂ ಒಂದು ಬಾಡಿಗೆ ನಿಂತೋಗೈತೆ. ಆ ಕಡೆ ನಿಮ್ಮ ನೆಂಟ್ರು ಯಾರಾದ್ರೂ ಇದಾರಾ ಮೇಷ್ಟ್ರೇ?"