ಕಡಲ ತಳದಲ್ಲಿ ದಡಿ ಹುಡುಕಿದ ಕಾಕಾ

ನಮ್ಮ ಕಾಕಾ ಈ ಜನ್ಮದಲ್ಲಿ ಪರಸ್ತ್ರೀಯ ಮುಖ ನೋಡಿದವನಲ್ಲ. ಅಬ್ಬಾ, ಎಂಥ ಸಂಭಾವಿತ ಎಂದು ಕೈ ಮುಗಿಯಲು ಹೋಗಬೇಡಿ! ಅವನ ಕಣ್ಣು ಸೀರೆಯ ದಡಿಯಲ್ಲೇ, ಅಂದರೆ ಅಂಚಿನಲ್ಲೇ, ಸಿಕ್ಕಿಬಿದ್ದು ಮುಖದವರೆಗೆ ಏರುವುದೇ ಇಲ್ಲ, ಅಷ್ಟೇ. ಬೆಟಗೇರಿಯ ಕೈಮಗ್ಗದ ನೇಕಾರ ಅವನು. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ವಸ್ತು: ಒಂದು ಸೀರೆ, ಇನ್ನೊಂದು ಇನ್ನೂ ಸೀರೆಯಾಗದ್ದು.

ಒಮ್ಮೆ ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೆಣ್ಣುಮಗಳ ಹಿಂದೆ ಮೂರು ಸುತ್ತು ಹಾಕಿದ. ಆಕೆ ಚಪ್ಪಲಿಗೆ ಕೈ ಹಾಕುವಷ್ಟರಲ್ಲಿ ನಮ್ಮ ಕಾಕು, ಅಂದರೆ ಅವನ ಹೆಂಡತಿ, ಏದುಸಿರು ಬಿಡುತ್ತಾ ಓಡಿ ಬಂದಳು. “ತಪ್ಪು ತಿಳೀಬ್ಯಾಡ್ರಿ ಯವ್ವಾ! ಇವ್ರು ನಿಮ್ಮನ್ನ ನೋಡಾಕತ್ತಿಲ್ಲ, ನಿಮ್ಮ ಸೀರಿ ನೋಡಾಕತ್ತಾರ.” ಸಿಟ್ಟು ಇಳಿಯಬೇಕಿತ್ತಲ್ಲವೇ? ಇಮ್ಮಡಿಯಾಯಿತು! “ಅಂದ್ರ ನಾ ನೋಡೂ ಹಂಗ ಇಲ್ಲೇನು?”

ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಹೋದವನು ಮದುಮಗಳ ಸೆರಗನ್ನೇ ಮಗುಚಿ ನೋಡಿದ. ನೇಕಾರರಿಗೆ ಸೀರೆಯ ಮುಂಬದಿಗಿಂತ ಹಿಂಬದಿಯ ಮೇಲೆ ನಂಬಿಕೆ ಹೆಚ್ಚು. “ಇದು ಕೈಮಗ್ಗದ್ದಲ್ಲ ಬಿಡ್ರಿ” ಎಂದು ಘೋಷಿಸಿಯೂ ಬಿಟ್ಟ. ಕೈಮಗ್ಗದ್ದೇ ಎಂದು ಹೇಳಿ ತಂದಿದ್ದ ಬೀಗರ ಮುಖ ನೋಡಬೇಕಿತ್ತು! ಆ ಮನೆಯವರು ಆಮೇಲೆ ನಮ್ಮನ್ನು ಯಾವ ಮದುವೆಗೂ ಕರೆದಿಲ್ಲ.

ಇಂಥವನ ಜೊತೆ ಮೂವತ್ತೈದು ವರ್ಷ ಬಾಳಿದವಳು ಕಾಕು. ಅವನು ನೆಲದ ಕುಣಿಯಲ್ಲಿ ಕಾಲಿಳಿಸಿ ಮಗ್ಗ ತುಳಿದರೆ, ಇವಳು ಪಕ್ಕದಲ್ಲೇ ಕೂತು ರಾಟೆ ತಿರುಗಿಸಿ ಕಂಡಿಕೆ ಸುತ್ತುವಳು. ಲಾಳಿಯೊಳಗೆ ಇಡುವ ನೂಲಿನ ಸುರುಳಿಯೇ ಕಂಡಿಕೆ. ಒಂದು ದಿನ ಕಾಕಾ ನನಗೆ ಬಣ್ಣಗಳ ಮೇಲೆ ಭಾಷಣ ಬಿಗಿಯುತ್ತಾ, ಮುಖ ನನ್ನ ಕಡೆ ಇಟ್ಟು, ಕೈ ತನ್ನಷ್ಟಕ್ಕೆ ನೇಯಲು ಬಿಟ್ಟಿದ್ದ. ತಿರುಗಿ ನೋಡಿದರೆ ಕೆಂಪು ಸೀರೆಯ ನಟ್ಟನಡುವೆ ಒಂದು ಗೇಣು ಕಾಫಿ ಬಣ್ಣ! ಕಾಕು ತಪ್ಪು ಕಂಡಿಕೆ ಕೊಟ್ಟಿದ್ದಳು.

“ಕಣ್ಣ ಎಲ್ಲಿಟ್ಟಿದ್ದಿ? ಇಷ್ಟ ವರ್ಷ ಆತು, ಕೆಂಪು ಯಾವ್ದು ಕಾಫಿ ಯಾವ್ದು ತಿಳಿಯಂಗಿಲ್ಲೇನ?”

ನನ್ನೆದುರೇ ಅಂದುಬಿಟ್ಟ. ಕಾಕು ಎದ್ದಳು, ರಾಟೆಯನ್ನು ಅಟ್ಟಕ್ಕೆ ಏರಿಸಿದಳು. ಅಂದಿನಿಂದ ಗಂಡ ಹೆಂಡಿರ ಮಾತೂ ಬಂದ್.

ಎರಡು ತಿಂಗಳು! ನಾನು ಮುಂಡರಗಿಯಲ್ಲಿ ಶಾಲೆ ಮಾಸ್ತರ. ಪಾಠದ ನಡುವೆ ಕಾಕುವಿನ ಫೋನು: “ನಿಮ್ಮ ಕಾಕಾಗ ಹೇಳು, ರೊಟ್ಟಿ ಆರಾಕತ್ತಾವು.” ನಾನು ಕಾಕಾಗೆ ಫೋನು ಹಚ್ಚಬೇಕು. ಅದು ಬೆಟಗೇರಿಯ ಅದೇ ಮನೆಯ ಪಕ್ಕದ ಖೋಲಿಯಲ್ಲಿ ರಿಂಗಣಿಸಬೇಕು. “ಪಲ್ಯಾ ಏನೈತಿ ಕೇಳು” ಎಂದು ಅಲ್ಲಿಂದ ಮರುಪ್ರಶ್ನೆ. ಭಾಷಣ ಕೇಳಿದ ಪಾಪ ನನ್ನದೂ ಇತ್ತಲ್ಲ, ಇಬ್ಬರನ್ನೂ ಸೇರಿಸಿಯೇ ಬಿಡೋಣವೆಂದು ರಜೆಯಲ್ಲಿ ಮುರುಡೇಶ್ವರಕ್ಕೆ ಕರೆದೊಯ್ದೆ.

ದೇವರ ದರ್ಶನ ಪಕ್ಕಕ್ಕೆ ಉಳಿಯಿತು. ಕಡಲೊಳಗೆ ಇಳಿಸಿ ಮೀನು ತೋರಿಸುವ ಸ್ಕೂಬಾದವರ ಮೀನಿನ ಚಿತ್ರದ ಬೋರ್ಡು ಕಾಕಾನ ಕಣ್ಣಿಗೆ ಬಿತ್ತು. “ಆ ಮೀನಿನ ದಡಿ ನೋಡಲೇ ತಮ್ಮಾ! ನಾ ಇಳಿಯಾಂವ!” ಈಜು ಬಾರದು ಎಂದೆ. “ಬರದಿದ್ರೂ ಅಡ್ಡಿಲ್ಲ, ನಾ ಹಿಡ್ಕೊಂಡೇ ಇರ್ತೆ” ಎಂದ ಅಲ್ಲಿಯ ತರಬೇತುದಾರ ನನ್ನ ಕೊನೆಯ ಆಸೆಯನ್ನೂ ಕಿತ್ತುಕೊಂಡ. ಕರಿ ರಬ್ಬರಿನ ಉಡುಪು ಕೊಟ್ಟರೆ ಕಾಕಾ ಅದನ್ನು ಎರಡು ಬೆರಳ ನಡುವೆ ಹೊಸಕಿ, “ನೂಲಿಲ್ಲ, ದಡಿ ಇಲ್ಲ, ಇದೂ ಒಂದ ಅರಬಿ?” ಎಂದ. ಅಷ್ಟರಲ್ಲಿ ಕಾಕು ಚೀಲದಿಂದ ಮನೆಯ ಕೆಂಪು ರೇಷ್ಮೆಯ ಎಳೆಯೊಂದನ್ನು ತೆಗೆದು ಅವನ ಮಣಿಕಟ್ಟಿಗೆ ಬಿಗಿದಳು. ದೇವರು ಕಾಯಲಿ ಅಂತಲೋ, ಹಾಳಾಗಿ ಹೋಗು ಅಂತಲೋ ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ಎಲ್ಲರೂ ದೋಣಿ ಹತ್ತಿ ಕಡಲ ನಡುವೆ ಹೋದೆವು; ನಾನೂ ಕಾಕುವೂ ಅದರಲ್ಲೇ ಉಳಿದೆವು. ನನಗೆ ನೀರೆಂದರೆ ಸ್ನಾನದ್ದೇ ಸಾಕು. ಕಾಕಾ ಮುಳುಗಿದ. ಕಾಕುವಿನ ಕೈ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಎರಡೇ ನಿಮಿಷ, ಭುಸ್ಸೆಂದು ಮೇಲೆ ಬಂದ! ಏನಾಯಿತೆಂದು ಗಾಬರಿಯಾದೆವು. ಏನೂ ಇಲ್ಲ. ನೀಲಿ ಮೈಗೆ ಹಳದಿ ದಡಿಯ ಮೀನು ಕಂಡು ‘ಭಾರಿ ಐತಿ’ ಎಂದು ಹೆಬ್ಬೆರಳು ಎತ್ತಿದ್ದಾನೆ. ನೀರೊಳಗೆ ಹಾಗೆಂದರೆ ‘ನನ್ನನ್ನು ಮೇಲೆ ಕರೆದೊಯ್ಯಿ’ ಎಂದರ್ಥವಂತೆ. ಬಿಟ್ಟನೇ? ಮತ್ತೆ ಮುಳುಗಿದ, ಮತ್ತೆ ಮೆಚ್ಚಿದ, ಮತ್ತೆ ಮೇಲೆ ಬಂದ! “ಸಾರ್, ನಿಮ್ಮ ಕಾಲು ಮಾತ್ರ ಫಸ್ಟ್‌ಕ್ಲಾಸ್ ಆಡ್ತದೆ, ಕೈ ಸುಮ್ನಿಟ್ಕೊಳ್ಳಿ” ಎಂದ ತರಬೇತುದಾರ. ಆಡದೆ ಏನು? ಜೀವಮಾನವಿಡೀ ಮಗ್ಗ ತುಳಿದ ಕಾಲು!

ಮೂರನೆಯ ಸಲ ಆಳಕ್ಕೆ ಹೋದವನು ಬೇಗ ಬರಲಿಲ್ಲ. ಬಂದಾಗ ಜೊತೆಗಿದ್ದ ತರಬೇತುದಾರನೇ ಮಾತಾಡಿದ. ದೊಡ್ಡ ಮೀನೊಂದು ಬಾಯಿ ತೆರೆದು ನಿಂತಿತ್ತಂತೆ, ಕಿರುಮೀನುಗಳು ಅದರ ಹಲ್ಲು ಉಜ್ಜುತ್ತಿದ್ದವಂತೆ! ಬಂಡೆಯಂತೆ ಕೂತಿದ್ದ ಆಕ್ಟೋಪಸ್ ಕಣ್ಣೆದುರೇ ಮೂರು ಬಣ್ಣ ಬದಲಿಸಿತಂತೆ! ಕಾಕಾ ಮಾತ್ರ ಮಣಿಕಟ್ಟಿನ ಎಳೆಯನ್ನೇ ನೋಡುತ್ತಿದ್ದ.

“ತಮ್ಮಾ, ಇದು ಯಾವ ಬಣ್ಣ?”

“ಕೆಂಪು.”

“ತಳದಾಗ ಕಾಫಿ ಆಗಿತ್ತಲೇ! ಮತ್ತ ತಪ್ಪಿದಳು, ಮ್ಯಾಲ ಹೋಗಿ ಬೈಯಬೇಕಂತ ಬಂದೆ. ಬರಬರ್ತ ನನ್ನ ಕಣ್ಣ ಮುಂದ ಕೆಂಪಾತು.”

“ಆಳಕ್ಕೆ ಹೋದ ಹಾಗೆ ಕೆಂಪು ಕಾಫಿ ಥರ ಕಾಣ್ತದೆ ಸಾರ್,” ಎಂದ ತರಬೇತುದಾರ. “ಬಣ್ಣ ಅಲ್ಲೇ ಇರ್ತದೆ, ಕಣ್ಣಿಗೆ ಕಾಣೂದಿಲ್ಲ ಅಷ್ಟೆ.”

ಕಾಕಾ ತೊಟ್ಟಿಕ್ಕುತ್ತಲೇ ಕಾಕುವಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡು ತಿಂಗಳ ಮೇಲೆ ಅವಳಿಗೆ ನೇರ ಆಡಿದ ಮೊದಲ ಮಾತು: “ನಿನಗ ಕೆಂಪು ಹಿಂಗ ಕಾಣತೈತೇನ?”

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ದೀಪಾವಳಿಯಿಂದ ಎಲ್ಲಾ ಮಂಕ ಆಗೇತ್ರಿ.”

“ಹೇಳಬಾರದಿತ್ತೇನ?”

“ಹೇಳಿದ್ರ ಕಂಡಿಕಿ ಸುತ್ತಾಕ ಬ್ಯಾರೇದವ್ರನ್ನ ಕರೀತಿದ್ರಿ. ಆಮ್ಯಾಲ ನಿಮ್ಮ ಮಗ್ಗದ ಬಾಜೂಕ ನಂದೇನ ಕೆಲಸ? ಮತ್ತ ತಪ್ಪಿದ್ರ ಗೊತ್ತಾಕ್ಕೈತಂತ ನಾನ ರಾಟಿ ಎತ್ತಿಟ್ಟೆ.”

ನನ್ನ ಕಾಕಾ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಉಪ್ಪುನೀರಲ್ಲಿ ನೆನೆದು ಬಂದವನಾದರೂ ಅಳು ಬೇರೆಯೇ ಗೊತ್ತಾಗುತ್ತಿತ್ತು.

“ನಾಳಿ ಗದಗಿನ್ಯಾಗ ಕಣ್ಣಿನ ಡಾಕ್ಟರ್ ಕಡೆ ಹೋಗೂಣು. ಅವ್ರು ಏನರ ಹೇಳ್ಲಿ. ಬಣ್ಣಾ ನಾ ಹೇಳ್ತೇನಿ, ನೀ ಸುತ್ತು. ನೀ ಬಾಜೂಕ ಇಲ್ಲದ ನನ್ನ ಕೈಯ ನಡಿಯವಲ್ಲದು ಮಾರಾಯ್ತಿ.”

“ಮೊದಲ ತಲಿ ಒರಸ್ಕೋರಿ, ಥಂಡಿ ಆಗತೈತಿ” ಎಂದಳು ಕಾಕು. ಹೇಳಿದ್ದಷ್ಟೇ, ಸೆರಗು ಹಿಡಿದು ತಾನೇ ಒರೆಸತೊಡಗಿದಳು. ಅವನು ತಲೆ ಬಗ್ಗಿಸಿ ಕೂತ. ತಲೆ ಯಾವಾಗಲೋ ಒಣಗಿತ್ತು. ದೋಣಿ ದಂಡೆ ಮುಟ್ಟುವವರೆಗೂ ಆಕೆ ಒರೆಸುತ್ತಲೇ ಇದ್ದಳು.